ಜಾತ್ರೆಯ ಫಾಯದಾ ಎಷ್ಟು?

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಬಂದು ನನ್ನ ಲ್ಯಾಪ್‌ಟಾಪ್ ಮುಂದೆ ಕೂತ್ರು. ಹುಲಸೂರ ಸುತ್ತಮುತ್ತಲಿನ ಒಂದು ಹಳ್ಳಿಯ ಜಾತ್ರೆ ಕಮಿಟಿಯಲ್ಲಿ ಅವರಿದ್ದಾರೆ. ಆ ಹಳ್ಳಿಯ ಹೆಸರು ಇಲ್ಲಿ ಬೇಡ. ಅಲ್ಲಿ ಗುಡಿ ಹಿಂದೆ ದನ ಕಟ್ಟುವ ಬಯಲಿದೆ. ವರ್ಷದಾಗ ಐದಾರು ದಿನ ಬಿಟ್ಟರೆ ಉಳಿದಂತೆ ಖಾಲಿ. ಈಗ ಅದನ್ನು ಪ್ಲಾಟ್ ಮಾಡಬೇಕು ಅಂತ ಒಂದು ಗುಂಪು, ಬೇಡ ಅಂತ ಇನ್ನೊಂದು ಗುಂಪು.

"ತಮ್ಮಾ, ಜಾತ್ರಿದು ಎಷ್ಟು ರೂಪಾಯಿ ಫಾಯದಾ ಅದ ಅಂತ ಬರ್ದು ಕೊಡ್ರಿ ಅನ್ಲತ್ತಾರ. ಪ್ಲಾಟಿನ ರೇಟ್ ಎಲ್ಲರಿಗೂ ಗೊತ್ತದ. ಜಾತ್ರಿ ರೇಟ್ ಯಾರಿಗೂ ಗೊತ್ತಿಲ್ಲ. ನೀ ದಿನಾ ಕಂಪ್ಯೂಟರ್‌ದಾಗ ಇದೇ ಮಾಡ್ತೀಯಲ್ಲ, ಜರಾ ಹಾಕಿ ಕೊಡು."

ನಾನು ನಕ್ಕೆ. ಎಕ್ಸೆಲ್ ತೆರೆದೆ. ಮೊದಲ ಕಾಲಮ್‌ಗೆ ಏನು ಹೆಸರು ಇಡಬೇಕು ಅಂತಲೇ ಗೊತ್ತಾಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದಿಷ್ಟು ಓದಿದೆ. ಇದೇ ಪ್ರಶ್ನೆಯನ್ನ ಬೇರೆ ಬೇರೆ ಕಾಲದ ಜನ ಬೇರೆ ಬೇರೆ ರೀತಿ ಕೇಳಿಕೊಂಡಿದ್ದಾರೆ, ಮತ್ತೆ ಪ್ರತಿ ಕಾಲದಲ್ಲೂ ಅಳೆಯುವವನಿಗೆ ಬೇಕಾದದ್ದು ಮಾತ್ರ ಅಳತೆಗೆ ಸಿಕ್ಕಿದೆ.

ಮೊದಲು ನಮ್ಮ ಮನೆಬಾಗಿಲಿಂದಲೇ ಶುರು ಮಾಡೋಣ. ಬಸವಕಲ್ಯಾಣ ನಮ್ಮೂರಿಗೆ ಹತ್ತಿರದ ಪೇಟೆ. ಅದೇ ಚಾಲುಕ್ಯರ ಕಲ್ಯಾಣ. ಆ ಕಾಲದ ಶಾಸನಗಳಲ್ಲಿ ಸಂತೆ ಬರುತ್ತೆ, ಅಯ್ಯಾವೊಳೆ ಐನೂರ್ವರಂಥ ವರ್ತಕರ ಸಂಘ ಬರುತ್ತೆ, ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅಂತ ಸುಂಕದ ಹೆಸರುಗಳು ಬರುತ್ತವೆ. ದೇವಸ್ಥಾನಕ್ಕೆ ದಾನ ಕೊಡುವಾಗ ಇಂಥ ಸುಂಕದ ಆದಾಯವನ್ನೇ ಬಿಟ್ಟುಕೊಟ್ಟ ಉದಾಹರಣೆಗಳೂ ಇವೆ. ಅಂದ್ರೆ 12ನೇ ಶತಮಾನದಲ್ಲಿ ಸಂತೆಯ ಬೆಲೆ ಅಂದ್ರೆ ಸಂತೆಯಿಂದ ಬರುವ ಸುಂಕ. ಸಂತೆಗೆ ಬಂದ ರೈತ ಏನು ಗಳಿಸಿಕೊಂಡು ಹೋದ ಅನ್ನೋದನ್ನ ಕಲ್ಲಿನಲ್ಲಿ ಕೆತ್ತಿಸುವ ಅಗತ್ಯ ಯಾರಿಗೂ ಇರಲಿಲ್ಲ.

ನಿಜಾಮರ ಕಾಲದಲ್ಲೂ ಅಷ್ಟೇ. ಹೈದರಾಬಾದ್ ಸಂಸ್ಥಾನಕ್ಕೆ ಸ್ವಂತ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಸ್ವಂತ ಸುಂಕದ ಇಲಾಖೆ ಇತ್ತು, ಕರೋಡಗಿರಿ. ಬ್ರಿಟಿಷ್ ಸೀಮೆಗೆ ಮಾಲು ದಾಟಿಸಬೇಕಾದರೆ ನಾಕಾದಲ್ಲಿ ನಿಲ್ಲಬೇಕು, ರೂಪಾಯಿ ಬದಲಿಸಬೇಕು. 7 ಹಾಲಿ ಸಿಕ್ಕಾ ಕೊಟ್ಟರೆ ಅತ್ತ ಕಡೆಯ 6 ರೂಪಾಯಿ ಅನ್ನೋದು ಕೊನೆಯ ವರ್ಷಗಳ ಲೆಕ್ಕ. ಹೀಗೆ ಗಡಿ ದಾಟೋದು ತಾಪತ್ರಯ ಆಗಿದ್ದಾಗ, ಸಂಸ್ಥಾನದ ಒಳಗೇ ನಡೆಯುವ ದೊಡ್ಡ ಜಾತ್ರೆಗಳಿಗೆ ಎಷ್ಟು ಮಹತ್ವ ಇದ್ದಿರಬೇಕು ಊಹಿಸಿ.

ಅಂಥದ್ದರಲ್ಲಿ ಒಂದು ಮಾಳೇಗಾಂವ್. ಈಗ ಮಹಾರಾಷ್ಟ್ರದ ನಾಂದೇಡ್ ಜಿಲ್ಲೆ, ಲೋಹಾ ತಾಲೂಕು. ಖಂಡೋಬನ ಜಾತ್ರೆ. ನಮ್ಮ ಮೈಲಾರ ಮಲ್ಲಣ್ಣನೇ ಅವರ ಖಂಡೋಬ. ಎಳ್ಳ ಅಮಾಸಿ ಹಿಂದಿನ ದಿನದಿಂದ ಶುರು. ಎತ್ತು, ಹೋರಿ, ಕುದುರೆ, ಕತ್ತೆ, ಒಂಟೆ ಎಲ್ಲ ಬರುತ್ತವೆ. ಈ ಸೀಮೆಯ ಎರಡು ಹೆಸರಾಂತ ದನದ ತಳಿಗಳು, ದೇವಣಿ ಮತ್ತು ಲಾಲ್ ಕಂಧಾರಿ, ಅಲ್ಲಿ ಸಾಲುಸಾಲಾಗಿ ನಿಲ್ಲುತ್ತವೆ.

ಆ ತಿಥಿ ಸುಮ್ಮನೆ ಬಂದದ್ದಲ್ಲ ಅನಿಸುತ್ತೆ. ನಮ್ಮ ಕಡೆ ಎಳ್ಳ ಅಮಾಸಿ ಹೊತ್ತಿಗೆ ಮುಂಗಾರಿ ರಾಶಿ ಬಹುತೇಕ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುತ್ತೆ. ಹಿಂಗಾರಿ ಜೋಳ, ಕಡ್ಲಿ ಹೊಲದಲ್ಲಿ ನಿಂತಿರುತ್ತೆ. ಮನೆಮಂದಿಯೆಲ್ಲ ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರ್ತಾರೆ. ಎತ್ತಿಗೆ ಕೆಲಸ ಕಮ್ಮಿ. ಮಾರುವವನು ಮಾರಬಹುದು, ಕೊಳ್ಳುವವನು ಬ್ಯಾಸಗಿ ಉಳುಮೆಗೆ ಮೊದಲು ಹೊಸ ಜೋಡಿ ಪಳಗಿಸಬಹುದು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ. ಹೀಗೆ ಒಂದಾದ ಮೇಲೆ ಒಂದು ಬರೋದರಿಂದ ಅಂಗಡಿಯವರು, ತೊಟ್ಟಿಲಿನವರು, ಹಗ್ಗ-ಗೆಜ್ಜೆ ಮಾರುವವರು ಜಾತ್ರೆಯಿಂದ ಜಾತ್ರೆಗೆ ನಡೆದು ವರ್ಷ ದೂಡ್ತಾರೆ.

ಇನ್ನು ದೇವಣಿ. ಆ ಹೆಸರು ಬಂದದ್ದು ದೇವಣಿ ಅನ್ನೋ ಊರಿಂದ. ಬಿಳಿ ಮೈ, ಕಪ್ಪು ಮಚ್ಚೆ. ಮುಖ ಮಾತ್ರ ಕಪ್ಪಿದ್ದರೆ ವಾನ್ನೇರಾ, ಮೈತುಂಬ ಮಚ್ಚೆ ಇದ್ದರೆ ಶೇವರಾ, ಹೊಟ್ಟೆಯ ಕೆಳಗೆ ಮಾತ್ರ ಮಚ್ಚೆ ಇದ್ದರೆ ಬಾಳಂಕ್ಯಾ. ಹಾಲಿಗೂ ಆಗುತ್ತೆ, ದುಡಿಮೆಗೂ ಆಗುತ್ತೆ. ದೇವಣಿ ಊರು ಆಗ ಉದಗೀರ ತಾಲೂಕಿನಲ್ಲಿತ್ತು, ಉದಗೀರ ನಮ್ಮ ಬೀದರ ಜಿಲ್ಲೆಯಲ್ಲೇ ಇತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯ್ತು. ಬೀದರ, ಭಾಲ್ಕಿ, ಹುಮನಾಬಾದ್, ಔರಾದ ಮೈಸೂರು ರಾಜ್ಯಕ್ಕೆ, ಉದಗೀರ, ಅಹಮದಪುರ, ನೀಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ.

ಜನರ ಮಾತು, ದೇವರು, ಬೀಗತನ ಯಾವುದೂ ಅವತ್ತು ಮೂರಾಗಲಿಲ್ಲ. ಲೆಕ್ಕದ ಪುಸ್ತಕ ಮಾತ್ರ ಮೂರಾಯ್ತು. ಹುಲಸೂರ ರೈತ ಮಾಳೇಗಾಂವಿನಲ್ಲಿ ಎತ್ತು ಮಾರಿದರೆ ಜಾತ್ರೆಯ ವಹಿವಾಟು ಒಂದು ರಾಜ್ಯದ್ದು, ರೈತನ ಲಾಭ ಇನ್ನೊಂದು ರಾಜ್ಯದ್ದು. ಜಿಲ್ಲಾವಾರು ಲೆಕ್ಕ ಹಾಕೋ ಆಫೀಸಿಗೆ ಇಂಥ ಜಾತ್ರೆ ಪೂರ್ತಿಯಾಗಿ ಕಾಣೋದೇ ಇಲ್ಲ. ಹುಲಸೂರ ತಾಲೂಕಾಗುತ್ತೆ ಅಂತ 2017ರ ಬಜೆಟ್ಟಿನಲ್ಲಿ ಘೋಷಣೆ ಆದ ಮೇಲೂ ಗಡಿ ಊರಿನ ಈ ಕಷ್ಟ ಹಾಗೇ ಇದೆ.

ಬೇರೆ ದೇಶದವರು ಏನು ಮಾಡಿದ್ರು? ಅಮೆರಿಕದ ಎಲ್ಕಾನಾ ವಾಟ್ಸನ್ ಅನ್ನೋ ಮನುಷ್ಯ 1807ರಲ್ಲಿ ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡ್ ಊರಿನ ಚೌಕದಲ್ಲಿ ಎರಡು ಮೆರಿನೊ ಕುರಿ ಕಟ್ಟಿ ನಿಂತ. ನೋಡೋಕೆ ಜನ ಸೇರಿದ್ರು. ಎರಡು ಕುರಿಗೆ ಇಷ್ಟು ಜನ ಬಂದರೆ ಒಳ್ಳೊಳ್ಳೆ ದನಗಳನ್ನೆಲ್ಲ ಸೇರಿಸಿದರೆ ಹೇಗೆ ಅಂತ ಯೋಚಿಸಿ 1810ರಲ್ಲಿ ದನಗಳ ಪ್ರದರ್ಶನ ಮಾಡಿಸಿದ. ಆ ದೇಶದ ಊರೂರಿನ ಕೃಷಿ ಮೇಳಗಳ ಮೂಲ ಅಲ್ಲಿದೆ ಅಂತಾರೆ. ಅವನ ಅಳತೆ ಜನಜಂಗುಳಿ. ಇವತ್ತಿಗೂ ಅದೇ ಅಳತೆ ನಡೀತಿದೆ. ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳ ಇರಲಿ, ಧಾರವಾಡದ್ದಿರಲಿ, ಮಾರನೇ ದಿನ ಪೇಪರಿನಲ್ಲಿ ಬರೋದು "ಇಷ್ಟು ಲಕ್ಷ ಜನ ಭೇಟಿ" ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪೇಜ್ ವ್ಯೂಸ್. ಪೇಜ್ ವ್ಯೂಸ್ ತೋರಿಸಿ ರೆವೆನ್ಯೂ ಅಂದ್ರೆ ನಮ್ಮ ಮ್ಯಾನೇಜರ್ ಒಪ್ಪಲ್ಲ ಅನ್ನೋದು ನಿಮಗೂ ಗೊತ್ತು.

ಕೃಷಿ ಮೇಳದ ಲಾಭ ಹಾಗಾದ್ರೆ ಯಾವುದು? ಅಲ್ಲಿ ನೋಡಿದ ಬೀಜ, ಕೂರಿಗೆ, ಮೇವಿನ ತಳಿ ಮುಂದಿನ ವರ್ಷ ಎಷ್ಟು ಹೊಲಕ್ಕೆ ಹೋಯ್ತು ಅನ್ನೋದು. ಜ್ವಿ ಗ್ರಿಲಿಚಸ್ ಅನ್ನೋ ಅರ್ಥಶಾಸ್ತ್ರಜ್ಞ 1950ರ ದಶಕದಲ್ಲಿ ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳ ಯಾವ ರಾಜ್ಯದಲ್ಲಿ ಯಾವಾಗ, ಎಷ್ಟು ಬೇಗ ಹಬ್ಬಿತು ಅಂತ ಕೂತು ಲೆಕ್ಕ ಹಾಕಿದ. ರೈತನಿಗೆ ಲಾಭ ಹೆಚ್ಚಿದ್ದ ಕಡೆ ಬೇಗ ಹಬ್ಬಿತ್ತು. 1958ರಲ್ಲಿ ಅವನು ಹೇಳಿದ್ದು, ಆ ಸಂಶೋಧನೆಗೆ ಹಾಕಿದ ದುಡ್ಡಿಗೆ ಸಮಾಜಕ್ಕೆ ವರ್ಷಕ್ಕೆ ಕನಿಷ್ಠ 700 ಪ್ರತಿಶತ ಪ್ರತಿಫಲ ಅಂತ. ಮೇಳದ ಅಳತೆಯೂ ಗೇಟಿನಲ್ಲಿ ಮುಗಿಯಲ್ಲ, ಎರಡು-ಮೂರು ವರ್ಷ ಬಿಟ್ಟು ಹೊಲದಲ್ಲಿ ಸಿಗಬೇಕು.

ಕಾಕಾ ಕೇಳಿದ್ದು ಮೇಳದ್ದಲ್ಲ, ದನದ ಜಾತ್ರೆದು. ಅದಕ್ಕೆ ನನ್ನ ಹತ್ರ ಒಂದೇ ಒಂದು ಸಾಲು ಡೇಟಾ ಇತ್ತು.

2006ರಲ್ಲಿ ನನಗೆ ಇಂಜಿನಿಯರಿಂಗ್ ಸೀಟು ಸಿಕ್ತು. ಮೊದಲ ಕಂತು ಹೇಗೋ ಕಟ್ಟಿದ್ವಿ. ಜನವರಿಯಲ್ಲಿ ಇನ್ನೊಂದು ಕಂತು, ಹಾಸ್ಟೆಲ್ ಬೇರೆ. ಮನೆಯಲ್ಲಿ ಸರ್ಜಾ-ರಾಜಾ ಅಂತ ಶೇವರಾ ಜೋಡಿ ಇತ್ತು. ಅಪ್ಪ ಮಾರೋದು ಅಂತ ತೀರ್ಮಾನ ಮಾಡಿದ್ರು. ಮನೆಗೇ ಬಂದ ವ್ಯಾಪಾರಿ 31,000ಕ್ಕೆ ಕೇಳಿದ. ಅಪ್ಪ ಕೊಡಲಿಲ್ಲ. ಊರಿನ ಇನ್ನಿಬ್ಬರ ಜೊತೆ ಟೆಂಪೋ ಮಾಡಿಕೊಂಡು ಎಳ್ಳ ಅಮಾಸಿಗೆ ಮಾಳೇಗಾಂವಿಗೆ ಹೋದ್ರು. ಅಲ್ಲಿ ಅಹಮದಪುರ ಕಡೆಯ ಒಬ್ಬ ರೈತ 38,500ಕ್ಕೆ ತಗೊಂಡ. ಟೆಂಪೋ, ಮೇವು, ಊಟ, ಚೀಟಿ ಎಲ್ಲ ಸೇರಿ ಖರ್ಚು 2,000. ವ್ಯಾಪಾರ ಮುಗಿದು ಚಹಾ ಕುಡಿಯುವಾಗ ಆ ರೈತ ಚೀಲ ಬಿಚ್ಚಿ ತೋರಿಸಿ, ಜೋಡಿ ಮನಸ್ಸಿಗೆ ಬಂದಿತ್ತು, 42,000 ತನಕ ಹೋಗೋನಿದ್ದೆ ಅಂದನಂತೆ. ಅಪ್ಪ ಈ ಮಾತು ಈಗಲೂ ಹೇಳಿ ಕೈ ಕೈ ಹಿಸುಕಿಕೊಳ್ತಾರೆ.

ಈಗ ಲೆಕ್ಕ ನೋಡಿ. ಜಾತ್ರೆಯ "ವಹಿವಾಟು" 38,500. ಪೇಪರಿನಲ್ಲಿ ಬರೋದು ಇಂಥ ಸಂಖ್ಯೆಗಳ ಮೊತ್ತ. ಕೋಟಿಗಟ್ಟಲೆ ವಹಿವಾಟು ಅಂತಾರೆ. ಅದು ಲಾಭ ಅಲ್ಲ. ಎತ್ತು ಅಪ್ಪನ ಹತ್ರ ಇತ್ತು, ಇನ್ನೊಬ್ಬನ ಹತ್ರ ಹೋಯ್ತು. ದುಡ್ಡು ಇನ್ನೊಬ್ಬನ ಹತ್ರ ಇತ್ತು, ಅಪ್ಪನ ಹತ್ರ ಬಂತು. ಜಾತ್ರೆ ಇದ್ದದ್ದರಿಂದ ಅಪ್ಪನಿಗೆ ಆದ ಲಾಭ 38,500ರಲ್ಲಿ 31,000 ಕಳೆದು, ಖರ್ಚು 2,000 ಕಳೆದು, 5,500. ಕೊಂಡವನಿಗೆ ಅವನ ಮನಸ್ಸಿನ ಬೆಲೆಗಿಂತ ಉಳಿದದ್ದು 3,500, ಅವನ ಓಡಾಟದ ಖರ್ಚು ಅದರಲ್ಲಿ ಕಳೀಬೇಕು. ಎರಡೂ ಸೇರಿ ಹೆಚ್ಚಂದ್ರೆ 9,000. ವಹಿವಾಟಿನ ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ.

ಇಲ್ಲೂ ಒಂದು ತಕರಾರಿದೆ. ಆ ವ್ಯಾಪಾರಿಯೇ 31,000ಕ್ಕೆ ಕೊಂಡು, ತಾನೇ ಮಾಳೇಗಾಂವಿಗೆ ಒಯ್ದು ಅದೇ ರೈತನಿಗೆ ಮಾರಿದ್ದರೆ? ಸಮಾಜದ ಒಟ್ಟು ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಆ 5,500 ಮಾತ್ರ ನಮ್ಮ ಮನೆಗೆ ಬರೋ ಬದಲು ಅವನ ಮನೆಗೆ ಹೋಗ್ತಿತ್ತು. ನನ್ನ ಫೀ ಕಟ್ಟೋ ಹೊತ್ತಿಗೆ ಅದು ಸಣ್ಣ ವ್ಯತ್ಯಾಸ ಆಗಿರಲಿಲ್ಲ. ಒಟ್ಟು ಲಾಭ ಎಷ್ಟು ಅನ್ನೋ ಕಾಲಮ್ ಪಕ್ಕ ಅದು ಯಾರಿಗೆ ಹೋಯ್ತು ಅನ್ನೋ ಕಾಲಮ್ ಬೇಕು ಅಂತ ನನಗೆ ಅನಿಸಿದ್ದು ಇಲ್ಲೇ.

ಈ ಚೀಟಿ ಅಂದೆನಲ್ಲ, ಅದೂ ಒಂದು ಚರಿತ್ರೆಯ ದಾಖಲೆ. ಮಾರಿದವನ ಹೆಸರು, ಊರು, ಕೊಂಡವನದ್ದು, ದನದ ಬಣ್ಣ, ಕೊಂಬು, ಬೆಲೆ. ದಾರಿಯಲ್ಲಿ ಯಾರಾದ್ರೂ ಕದ್ದ ದನ ಅಂದ್ರೆ ತೋರಿಸೋಕೆ. ಇದನ್ನೆಲ್ಲ ಕೂಡಿಸಿದರೆ ಯಾವ ಊರಿನ ದನ ಯಾವ ಊರಿಗೆ ಹೋಯ್ತು ಅಂತ ನಕಾಶೆ ಬರೆಯಬಹುದು. ಆದರೆ ಬೆಲೆಯ ಸಾಲನ್ನು ನಂಬೋ ಹಾಗಿಲ್ಲ. ಫೀ ಬೆಲೆಯ ಮೇಲಿದ್ದರೆ ಬೆಲೆ ಕಮ್ಮಿ ಬರೆಸೋದು ಎಲ್ಲಾ ಕಾಲದ ರಿವಾಜು. ಚಾಲುಕ್ಯರ ಸುಂಕದವನಿಗೂ ಈ ತಲೆನೋವು ಇದ್ದಿರಬೇಕು.

ಇನ್ನೊಂದು ಲಾಭ ಇದೆ, ಅದು ರೂಪಾಯಿಗೆ ಸುಲಭವಾಗಿ ಸಿಗಲ್ಲ. 1970ರಲ್ಲಿ ಜಾರ್ಜ್ ಅಕರ್‌ಲಾಫ್ ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ ಒಂದು ಲೇಖನ ಬರೆದ. ಕಾರು ಕೆಟ್ಟಿದೆಯೋ ಇಲ್ಲವೋ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಅನುಮಾನದಲ್ಲಿ ಕೊಳ್ಳುವವನು ಬೆಲೆ ಇಳಿಸ್ತಾನೆ, ಒಳ್ಳೆ ಕಾರಿನವನು ಮಾರೋದೇ ಬಿಡ್ತಾನೆ. ಇದಕ್ಕೆ 2001ರಲ್ಲಿ ನೊಬೆಲ್ ಬಂತು. ನಮ್ಮ ಮುತ್ಯಾಗೆ ಈ ವಿಷಯ ಗೊತ್ತಿತ್ತು, ಎತ್ತಿನ ಹೆಸರಲ್ಲಿ. ನೋಡೋಕೆ ಚಂದ ಇರೋ ಎತ್ತು ನೊಗ ಕಟ್ಟಿದ ಕೂಡಲೇ ಮಲಗಿಬಿಟ್ಟರೆ?

ಜಾತ್ರೆ ಆ ಅನುಮಾನ ಕಳೆಯುವ ಜಾಗ. ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ, ಎರಡು ಹಲ್ಲೋ, ನಾಲ್ಕೋ, ಎಂಟೂ ಬಂದಿವೆಯೋ. ಸುಳಿ ನೋಡ್ತಾರೆ. ನಡೆಸಿ, ಓಡಿಸಿ ನೋಡ್ತಾರೆ. ಪಕ್ಕದಲ್ಲಿ ನೂರು ಜೋಡಿ ನಿಂತಿರೋದರಿಂದ ಹೋಲಿಕೆ ಸುಲಭ. ದಲಾಲ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕೂಡಿಸ್ತಾನೆ. ಮಂದಿ ಮುಂದೆ ಯಾರ ಮರ್ಯಾದೆಯೂ ಹೋಗಲ್ಲ. ಎಲ್ಲಕ್ಕಿಂತ ಮುಖ್ಯ, ಮುಂದಿನ ವರ್ಷ ಅದೇ ಜಾಗಕ್ಕೆ ಎಲ್ಲರೂ ವಾಪಸ್ ಬರ್ತಾರೆ. ಮೋಸ ಮಾಡಿದವನ ಊರು, ಮನೆತನ ಎಲ್ಲರಿಗೂ ಗೊತ್ತಾಗುತ್ತೆ.

ಈಗ ವಾಟ್ಸಾಪಿನಲ್ಲೇ ಫೋಟೋ ಹಾಕಿ ಮಾರ್ತಾರಲ್ಲ, ಜಾತ್ರೆ ಯಾಕೆ ಅಂತ ನೀವು ಕೇಳಬಹುದು. ಕೇರಳದ ಮೀನುಗಾರರ ಮೇಲೆ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಮೊಬೈಲ್ ಬಂದ ಮೇಲೆ ದಡದಿಂದ ದಡಕ್ಕೆ ಇದ್ದ ಬೆಲೆ ವ್ಯತ್ಯಾಸ ಕುಗ್ಗಿತು, ಕೊಳ್ಳುವವರಿಲ್ಲದೆ ಮೀನು ಚೆಲ್ಲೋದು ನಿಂತಿತು, ಮೀನುಗಾರರ ಲಾಭ ಸುಮಾರು 8 ಪ್ರತಿಶತ ಏರಿತು, ಕೊಳ್ಳುವವರಿಗೆ ಬೆಲೆ 4 ಪ್ರತಿಶತ ಇಳಿಯಿತು. ಬೆಲೆ ತಿಳಿಸೋ ಕೆಲಸವನ್ನ ಫೋನ್ ಜಾತ್ರೆಗಿಂತ ಚೆನ್ನಾಗಿ ಮಾಡುತ್ತೆ, ಒಪ್ಪಲೇಬೇಕು. ಮೀನು ಅವತ್ತೇ ತಿಂದು ಮುಗಿಯೋದು. ಎತ್ತು ಹತ್ತು ವರ್ಷ ಜೊತೆಗಿರೋದು. ಅದರ ಹಲ್ಲು ಎಣಿಸೋಕೆ ಎದುರಿಗೇ ನಿಲ್ಲಬೇಕು.

ಖರ್ಚಿನ ಕಾಲಮ್ ಕೂಡ ಪ್ರಾಮಾಣಿಕವಾಗಿ ತುಂಬಬೇಕು. ದನ ಒಂದೆಡೆ ಸೇರಿದರೆ ರೋಗವೂ ಸೇರುತ್ತೆ. ನೀರಿಲ್ಲದೆ, ನೆರಳಿಲ್ಲದೆ ನಿಂತ ದನದ ಕಷ್ಟ ಇದೆ. 1972ರಂಥ ಬರದಲ್ಲಿ ಎಲ್ಲರೂ ಮಾರುವವರೇ ಆದಾಗ ಜಾತ್ರೆ ಬಡವನಿಗೆ ನೆರವಾಗಲಿಲ್ಲ, ಬಂದ ಬೆಲೆಗೆ ಕೊಟ್ಟು ಬಂದ್ವಿ ಅಂತ ಮುತ್ಯಾ ಹೇಳ್ತಿದ್ರು. ಮಾಳೇಗಾಂವಿನಲ್ಲಿ ಲಾವಣಿ, ತಮಾಷಾ ನೋಡೋಕೆ ಕೂತು ಎತ್ತಿನ ದುಡ್ಡು ಕಳಕೊಂಡವರೂ ಇದ್ದಾರೆ. ಅಲೆಮಾರಿ ಸಮುದಾಯಗಳು ಅಲ್ಲಿ ಸೇರಿ ಸಂಬಂಧ ಕೂಡಿಸಿಕೊಳ್ತವೆ, ನ್ಯಾಯ ಪಂಚಾಯತಿ ಮಾಡ್ತವೆ. ವರ್ಷಕ್ಕೊಮ್ಮೆ ನೆಂಟರ ಮುಖ ಕಾಣೋದು ಲಾಭ. ಆ ಪಂಚಾಯತಿಯಲ್ಲಿ ಹೆಣ್ಣುಮಗಳ ಮಾತು ಕೇಳದೆ ತೀರ್ಪು ಆದರೆ ಅದು ಖರ್ಚು. ಇವೆರಡನ್ನೂ ರೂಪಾಯಿ ಮಾಡೋಕೆ ನನಗೆ ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಮಾತಿನಲ್ಲೇ ಬರೆದಿಟ್ಟೆ.

ಹಾಗಾದರೆ ಜಾತ್ರೆಯ ಬೆಲೆ ತಿಳಿಯೋ ನೇರ ದಾರಿ ಯಾವುದು? ರಾಬರ್ಟ್ ಫೋಗೆಲ್ ಅನ್ನೋ ಇತಿಹಾಸಕಾರ 1964ರ ಪುಸ್ತಕದಲ್ಲಿ ಅಮೆರಿಕದ ರೈಲಿನ ಬಗ್ಗೆ ಉಲ್ಟಾ ಕೇಳಿದ: ರೈಲು ಇರಲೇ ಇಲ್ಲ ಅಂದಿದ್ರೆ ಎಷ್ಟು ನಷ್ಟ ಆಗ್ತಿತ್ತು? ಕಾಲುವೆ, ಬಂಡಿಗಳಲ್ಲೇ ಸಾಗಿಸಿದ್ದರೆ ಎಷ್ಟು ಹೆಚ್ಚು ಖರ್ಚಾಗ್ತಿತ್ತು ಅಂತ ಲೆಕ್ಕ ಹಾಕಿದ. ಉತ್ತರ ಎಲ್ಲರ ಊಹೆಗಿಂತ ತುಂಬಾ ಸಣ್ಣದು ಬಂತು.

ನಮಗೆ ಜಾತ್ರೆ ಇಲ್ಲದ ವರ್ಷ ಊಹಿಸೋ ಕಷ್ಟ ಇಲ್ಲ. 2020, 2021 ಕೊರೊನಾ. 2022ರ ಕೊನೆಯಲ್ಲಿ ಚರ್ಮಗಂಟು ರೋಗ ಬಂದು ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆ ನಿಷೇಧ ಆಯ್ತು. ಆ ವರ್ಷಗಳಲ್ಲಿ ಎತ್ತು ಮಾರಿದವರನ್ನ ಹುಡುಕಿ ಎಷ್ಟಕ್ಕೆ ಹೋಯ್ತು, ಯಾರಿಗೆ ಹೋಯ್ತು, ಅದರ ಹಿಂದಿನ ವರ್ಷ ಎಷ್ಟಿತ್ತು ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತೆ. ಜನ ಇನ್ನೂ ಮರೆತಿಲ್ಲ. ಮರೆಯೋ ಮೊದಲು ಕೇಳಬೇಕು.

ಉತ್ತರ ಸಣ್ಣದು ಬಂದರೂ ಬರಬಹುದು. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಎತ್ತು-ಹೋರಿಗಳ ಸಂಖ್ಯೆ 2012ಕ್ಕಿಂತ 30 ಪ್ರತಿಶತ ಇಳಿದು 4.74 ಕೋಟಿಗೆ ಬಂದಿದೆ. ಅದೇ ಅವಧಿಯಲ್ಲಿ ಆಕಳುಗಳು 18 ಪ್ರತಿಶತ ಏರಿವೆ. ಹಾಲಿಗೆ ಆಕಳು ಬೇಕು, ಉಳೋಕೆ ಟ್ರ್ಯಾಕ್ಟರ್ ಇದೆ. ನಮ್ಮ ಮನೆಯಲ್ಲೂ 2006ರ ನಂತರ ಎತ್ತು ಬರಲಿಲ್ಲ, ಬಾಡಿಗೆ ಟ್ರ್ಯಾಕ್ಟರ್ ಬಂತು. ದನದ ಜಾತ್ರೆ ಕರಗೋದಕ್ಕೆ ನಮ್ಮಂಥ ಮನೆಗಳೂ ಕಾರಣ. ಹೀಗಿರುವಾಗ ಎತ್ತಿನ ವ್ಯಾಪಾರ ಒಂದನ್ನೇ ಹಿಡಿದು ಬಯಲು ಉಳಿಸ್ತೀನಿ ಅಂದ್ರೆ ಪ್ಲಾಟಿನವರ ಲೆಕ್ಕವೇ ಗೆಲ್ಲುತ್ತೆ.

ಕಾಕಾಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. "ಅಂದ್ರ ನೀನೂ ಪ್ಲಾಟ್ ಮಾಡ್ರಿ ಅಂತಿ ಏನು?" ಅಂದ್ರು.

ಅಲ್ಲ ಅಂದೆ. ಅಂದಾಜಿನ ಕೋಟಿ ಬರೆದುಕೊಡೋ ಬದಲು ಒಂದು ಹಾಳೆಯ ಫಾರ್ಮ್ ಮಾಡಿ ಕಳಿಸಿದೀನಿ. ಬರುವ ಜಾತ್ರೆಯಲ್ಲಿ ಕಾಲೇಜಿನ ಹುಡುಗರು ನಿಂತು ಬಂದವರನ್ನ ಕೇಳಬೇಕು. ಯಾವ ಊರು, ಯಾವ ರಾಜ್ಯ. ಮನೆಬಾಗಿಲಲ್ಲಿ ಎಷ್ಟಕ್ಕೆ ಕೇಳಿದ್ರು, ಇಲ್ಲಿ ಎಷ್ಟಕ್ಕೆ ಕೊಟ್ರಿ. ಬಂದು ಹೋಗೋ ಖರ್ಚು ಎಷ್ಟು. ಅಂಗಡಿಯವರಿಗೆ, ಈ ಜಾತ್ರೆ ಇಲ್ಲದಿದ್ದರೆ ಈ ವಾರ ಎಲ್ಲಿರ್ತಿದ್ರಿ. ಬಳೆ ಇಡಿಸಿಕೊಳ್ಳೋಕೆ ಬಂದ ಅವ್ವಂದಿರಿಗೆ, ಇಲ್ಲಿ ಯಾರ್ಯಾರು ಭೇಟಿ ಆದ್ರು. ದನ ನೋಡೋ ಡಾಕ್ಟರಿಗೆ, ಎಷ್ಟು ದನಕ್ಕೆ ಲಸಿಕೆ ಹಾಕಿದ್ರಿ. ಸಂಖ್ಯೆ ಸಣ್ಣದಿದ್ದರೆ ಸಣ್ಣದೇ ಬರೀಬೇಕು. ಆ ಬಯಲಿಗೆ ಆಕಳಿನ ಸಂತೆ, ಮೇವಿನ ಬೀಜ, ಕೃಷಿ ಇಲಾಖೆಯ ಪ್ರದರ್ಶನ ತರೋಕಾಗುತ್ತಾ ಅನ್ನೋದು ಆ ಉತ್ತರ ಕೈಗೆ ಬಂದ ಮೇಲಿನ ಮಾತು. ಅಲ್ಲಿಯ ತನಕ ಪ್ಲಾಟಿನ ತೀರ್ಮಾನ ತಡೆಯೋಕೆ ಕಮಿಟಿ ಒಪ್ಪಿದೆ.

ಫಾರ್ಮಿನ ಮಾದರಿಗೆ ಮೊದಲ ಸಾಲು ಅಪ್ಪನದ್ದೇ ತುಂಬಿದೆ. ಇನ್ನೇನು ಖರೀದಿ ಮಾಡಿದ್ರಿ ಅನ್ನೋ ಪ್ರಶ್ನೆಗೆ ಅಪ್ಪನಿಗೆ ಫೋನ್ ಮಾಡಿ ಕೇಳಬೇಕಾಯ್ತು. "ನಿನ್ನ ಹಾಸ್ಟೆಲಿಗೆ ಕಂಬಳಿ ತಂದಿದ್ನಲ್ಲೋ, ಮಾಳೇಗಾಂವಿಂದೇ ಅದು" ಅಂದ್ರು. ಅದು ಜಾತ್ರೆಯಲ್ಲಿ ಕೊಂಡದ್ದು ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಬೆಂಗಳೂರಿನ ಮನೆಯಲ್ಲಿ ಈಗಲೂ ಇದೆ. ಎಷ್ಟು ಕೊಟ್ಟಿದ್ರಿ ಅಂದೆ. ನೆನಪಿಲ್ಲ ಅಂದ್ರು. ಆ ಕಾಲಮ್ ಖಾಲಿ ಬಿಟ್ಟೆ.

ನೀವೂ ಈ ಸಲ ಜಾತ್ರೆಗೆ ಊರಿಗೆ ಹೋದರೆ ತೇರಿನ ವಿಡಿಯೋ ಮಾಡಿದ ಮೇಲೆ ಹಿಂದಿನ ಬಯಲಿಗೂ ಹೋಗಿ ಬನ್ನಿ. ನಾಲ್ಕು ಜನರನ್ನ ಮಾತಾಡಿಸಿ, ಉತ್ತರ ಬರೆದಿಟ್ಟುಕೊಳ್ಳಿ. ನಿಮ್ಮ ಊರಿನ ಕಾಕಾ ಯಾವತ್ತಾದರೂ ಕೇಳಿದರೆ ಕೊಡೋಕೆ ಇರಲಿ.